ತಂಗಿಯ ದುರ್ಬೀನು ಬಿದ್ದ ದಿನ

ನಾನು ಹೇಳಲಿಲ್ಲ. ಹೇಳಬೇಕಿದ್ದದ್ದು ಎರಡೇ ಮಾತು: ಕೈಜಾರಿ ಬಿತ್ತು. ಅಷ್ಟು ಹೇಳಿದ್ದರೆ ನನ್ನ ತಂಗಿ ಒಂದು ವಾರ ಬೈದು, ಇನ್ನೊಂದು ವಾರ ಮಾತು ಬಿಟ್ಟು, ಆಮೇಲೆ ಮರೆತುಬಿಡುತ್ತಿದ್ದಳು. ನಾನು ಹೇಳದೆ ಇದ್ದದ್ದರಿಂದ ನಾಲ್ಕು ವರ್ಷ ಅವಳು ತನ್ನ ಕಣ್ಣು ಹೋಗುತ್ತಿದೆ ಎಂದು ನಂಬಿಕೊಂಡು ಬದುಕಿದಳು. ನಂಬಿದಳು ಅನ್ನುವುದೂ ಪೂರ್ತಿ ನಿಜವಲ್ಲ. ನಂಬಿಸಿದವನು ನಾನು.

ನಾನು ಓದಿದ್ದು ಏಳನೇ ಕ್ಲಾಸು. ದೊಡ್ಡಬಳ್ಳಾಪುರದಲ್ಲಿ ಸೀರೆ ನೇಯುವ ಕರೆಂಟು ಮಗ್ಗಗಳಿರುವ ಬೀದಿ ನಮ್ಮದು. ಸದ್ದು ನಿಂತಿತೆಂದರೆ ಕರೆಂಟು ಹೋಯಿತೆಂದು ಅರ್ಥ, ಆಗ ಮಲಗಿದ್ದ ಕೂಸುಗಳು ಎದ್ದು ಅಳುತ್ತವೆ. ನಮ್ಮಪ್ಪ ಕೈಮಗ್ಗದ ಕಾಲದವರು. ನನಗೆ ಹನ್ನೆರಡು ತುಂಬುವಷ್ಟರಲ್ಲಿ ಅವರಿಗೆ ಇರುಳುಗಣ್ಣು ಶುರುವಾಯಿತು. ದೀಪ ಹಚ್ಚುವ ಹೊತ್ತಿಗೆ ಬಾಗಿಲ ಚೌಕಟ್ಟಿಗೆ ಹಾಯುತ್ತಿದ್ದರು. ಆಮೇಲೆ ಹಗಲೂ ಕಿರಿದಾಗುತ್ತ ಬಂತು. ಎದುರಿಗೆ ಇಟ್ಟ ತಟ್ಟೆ ಕಾಣುತ್ತಿತ್ತು, ಪಕ್ಕದಲ್ಲಿಟ್ಟ ಲೋಟ ಕಾಣುತ್ತಿರಲಿಲ್ಲ. ಹರಿದ ಎಳೆಗೆ ಗಂಟು ಹಾಕಲು ಬೇರೆ ಕಣ್ಣು ಬೇಕಾದಾಗ ನನ್ನನ್ನು ಸ್ಕೂಲು ಬಿಡಿಸಿದರು. ನನಗಿಂತ ಏಳು ವರ್ಷ ಚಿಕ್ಕವಳಾದ ತಂಗಿ ಪಿಯುಸಿವರೆಗೆ ಓದಿದಳು. ಅಪ್ಪ ತೀರಿಕೊಳ್ಳುವ ಹೊತ್ತಿಗೆ ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರದವರಾಗಿದ್ದರು. ತಿಥಿಗೆ ಬಂದ ನೆಂಟರು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಇದು ರಕ್ತದಲ್ಲಿ ಬರೋದು, ಮಕ್ಳನ್ನ ನೋಡ್ಕಳಮ್ಮ" ಎಂದು ಅಮ್ಮನಿಗೆ ಹೇಳಿ ಹೋದರು.

ಆ ಮಾತು ನನಗೆ ತಾಕಲಿಲ್ಲ. ತಂಗಿಗೆ ತಾಕಿತು. ಅಂದಿನಿಂದ ಸಂಜೆ ಅವಳು ಅಂಗಳದಲ್ಲಿ ನಿಂತು, ಎದುರು ಮನೆಯ ಕಿಟಕಿಯ ಸರಳುಗಳನ್ನು ಎಣಿಸುತ್ತಿದ್ದಳು. ಏಳು ಸರಳು. ಏಳೂ ಕಂಡರೆ ಒಳಗೆ ಬರುತ್ತಿದ್ದಳು.

ನಮ್ಮ ಕಸುಬಿನ ಒಂದು ಅಭ್ಯಾಸವನ್ನೂ ಇಲ್ಲಿ ಹೇಳಿಬಿಡಬೇಕು. ನೇಯುವಾಗ ಎಲ್ಲೋ ಒಂದು ಕಡೆ ಎಳೆ ತಪ್ಪುತ್ತದೆ, ಸೀರೆಯ ಮೇಲೆ ಬೆರಳಗಲದ ಗೆರೆ ಬೀಳುತ್ತದೆ. ಮಡಿಸುವಾಗ ಆ ಜಾಗ ಒಳಮಡಿಕೆಗೆ ಹೋಗುವಂತೆ ಮಡಿಸುತ್ತೇವೆ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ನೋಡಿ ಕಲಿಯುವುದು. ಬೆಂಗಳೂರು ಪೇಟೆಯ ಸಾಹುಕಾರರ ಕಡೆಯವನು ಪೂರ್ತಿ ಬಿಚ್ಚಿ ನೋಡಿದರೆ ಡ್ಯಾಮೇಜ್ ಎಂದು ಕೂಲಿ ಮುರಿಯುತ್ತಾನೆ. ಬಿಚ್ಚದಿದ್ದರೆ ಆ ತಪ್ಪು ಯಾರದೋ ಮನೆ ಬೀರುವಿಗೆ ಹೋಗುತ್ತದೆ, ಅಲ್ಲಿಂದಾಚೆಗೆ ಅದು ನಮ್ಮದಲ್ಲ. ಇಪ್ಪತ್ತೈದು ವರ್ಷ ನಾನು ಹೀಗೆ ಮಡಿಸಿದ್ದೇನೆ. ಅದು ತಪ್ಪು ಅಂತ ಒಂದು ದಿನವೂ ಅನ್ನಿಸಿರಲಿಲ್ಲ.

ತಂಗಿ ಬಾಶೆಟ್ಟಿಹಳ್ಳಿಯ ಒಂದು ಬಟ್ಟೆ ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಹೊಲಿದು ಬಂದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ. ಅಲ್ಲಿ ಅವಳ ಪಕ್ಕ ಕೂರುತ್ತಿದ್ದ ಹುಡುಗಿಯ ಜೊತೆ ಒಂದು ಭಾನುವಾರ ಮಾಕಳಿದುರ್ಗದ ಕಡೆ ಹೋದವಳು, ಬೆಟ್ಟ ಹತ್ತದೆ ಕೆಳಗಿನ ಕೆರೆ ಏರಿ ಮೇಲೆ ಸಂಜೆವರೆಗೆ ಕೂತು ಬಂದಳು. ಅಲ್ಲೊಬ್ಬರು ರಿಟೈರಾದ ಮೇಷ್ಟ್ರು ಬೈನಾಕ್ಯುಲರ್ ಹಿಡಿದು ಹಕ್ಕಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರಂತೆ. ಇವಳು ನೋಡುತ್ತ ನಿಂತದ್ದನ್ನು ಕಂಡು ಒಂದು ನಿಮಿಷ ಕೊಟ್ಟರಂತೆ.

"ಅಣ್ಣ, ಕೊಕ್ಕರೆ ಕಣ್ಣು ಹಳದಿ ಕಣೋ! ಅದು ಮೀನು ನುಂಗುವಾಗ ಗಂಟಲಲ್ಲಿ ಇಳಿಯೋದೂ ಕಾಣುತ್ತೆ. ಅಷ್ಟು ದೂರದಿಂದ!"

"ಮೀನ್ ಸಾರು ಮಾಡಿದ್ರೆ ಮುಖ ತಿರುಗಿಸ್ತೀಯ, ಕೊಕ್ಕರೆ ತಿಂದ್ರೆ ನೋಡ್ಕೊಂಡು ಕೂತ್ಕೋತೀಯ" ಎಂದು ಅಮ್ಮ ಒಳಗಿನಿಂದ ಕೂಗಿದಳು.

ಆಮೇಲೆ ವಾರದ ರಜೆಯೆಲ್ಲ ಕೆರೆಗೇ ಹೋಯಿತು. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬರುವ ತಲೆಯ ಮೇಲೆ ಎರಡು ಕಪ್ಪುಗೆರೆಯ ಹೆಬ್ಬಾತು, ಹೀಗೆ ಮನೆಯಲ್ಲಿ ಅವುಗಳ ಹೆಸರೇ. ಅವಳಿಗೆ ಅದರಲ್ಲಿ ಸಿಗುತ್ತಿದ್ದದ್ದು ಏನೆಂದು ನನಗೆ ಆಗ ಗೊತ್ತಾಗಲಿಲ್ಲ. ಈಗ ಗೊತ್ತಿದೆ. ಕೆರೆಯ ಆಚೆ ದಡದ ಹಕ್ಕಿಯ ತಲೆಗೆರೆ ಎಣಿಸಲು ಬಂದರೆ, ಎದುರು ಮನೆಯ ಕಿಟಕಿ ಸರಳು ಎಣಿಸುವ ಹಂಗಿಲ್ಲ.

ಸ್ವಂತದ್ದೊಂದು ಬೈನಾಕ್ಯುಲರ್ ಬೇಕೆಂದು ಅವಳು ಒಂದು ವರ್ಷ ಕೂಡಿಟ್ಟಳು. ಫೋನಿನಲ್ಲಿ ಕಮ್ಮಿ ಬೆಲೆಗೆ ಬೇಕಾದಷ್ಟು ತೋರಿಸುತ್ತಿತ್ತು. ಅರವತ್ತು ಪಟ್ಟು, ನೂರು ಪಟ್ಟು ಎಂದೆಲ್ಲ ಬರೆದಿತ್ತು. "ಇದೇ ತಗೋಳೇ, ಚಂದ್ರನೂ ಕಾಣುತ್ತಂತೆ" ಎಂದೆ. "ಚಂದ್ರ ಬರಿಗಣ್ಣಿಗೇ ಕಾಣ್ತಾನಲ್ಲಣ್ಣ" ಎಂದಳು. ಮೇಷ್ಟ್ರು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅವಳಿಗೆ ಎಲ್ಲ ಬರೆದುಕೊಟ್ಟಿದ್ದರು. ಅದರ ಮೇಲೆ ಬರೆದಿರುವ ಎರಡು ನಂಬರಿನಲ್ಲಿ ಮೊದಲನೆಯದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು. ಎಂಟು ಸಾಕು, ಅದಕ್ಕಿಂತ ಹೆಚ್ಚಾದರೆ ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ; ನಲವತ್ತರ ಆಸುಪಾಸು ಇದ್ದರೆ ಬೆಳಗಿನ ಜಾವದ ಮಬ್ಬಿನಲ್ಲೂ ಬೆಳಕು ಸಾಲುತ್ತದೆ. ಕೈಯಲ್ಲಿರುವ ದುಡ್ಡು ಕಮ್ಮಿಯಾದರೆ ನೆಟ್ಟಗಿನ ಕೊಳವೆಯದು ಬೇಡ, ಸೊಂಟ ತಿರುಗಿದ ಹಳೇ ಮಾದರಿಯದೇ ವಾಸಿ. ಕಣ್ಣಿಡುವ ಮೊದಲು ನಂಬಬೇಡ.

ನಾನು ಸೀರೆ ತಲುಪಿಸಲು ತಿಂಗಳಿಗೆರಡು ಸಲ ಬೆಂಗಳೂರು ಪೇಟೆಗೆ ಹೋಗುತ್ತೇನೆ. ಆ ಸಲ ಅವಳೂ ಬಂದಳು. ಹಳೇ ಕ್ಯಾಮೆರಾ ಮಾರುವ ಒಂದು ಕಿರಿದಾದ ಅಂಗಡಿ. ಯಜಮಾನರು ಬಿಳಿಗಡ್ಡದ ಸಾಬರು, ಮೂಗಿನ ತುದಿಯಲ್ಲಿ ಕನ್ನಡಕ.

"ದುರ್ಬೀನ್ ಯಾತಕ್ಕಮ್ಮ? ಕ್ರಿಕೆಟ್‌ಗಾ, ಪಕ್ಕದ್ಮನೆಗಾ?"

"ಹಕ್ಕಿಗೆ."

"ಹಕ್ಕಿಗಾ! ಹಕ್ಕಿ ನೋಡೋರು ಕಾರಲ್ಲಿ ಬರ್ತಾರೆ. ನೀವು ಬಸ್ ಟಿಕೆಟ್ ಇನ್ನೂ ಕೈಯಲ್ಲೇ ಹಿಡ್ಕೊಂಡಿದ್ದೀರ."

"ಹಕ್ಕಿ ಟಿಕೆಟ್ ಕೇಳಲ್ವಲ್ಲ ಸಾರ್."

ಮುದುಕರು ನಕ್ಕು ಗಾಜಿನ ಪೆಟ್ಟಿಗೆ ತೆಗೆದರು. ಅವತ್ತಿನಿಂದ ನಮ್ಮ ಮನೆಯಲ್ಲೂ ಅದಕ್ಕೆ ದುರ್ಬೀನು ಅಂತಲೇ ಹೆಸರಾಯಿತು.

ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಮುಂದಿನ ಗಾಜು ಕೆಂಪಗೆ ಹೊಳೆಯುವ ಒಂದು. ತಿರುಗಿಸಿದರೆ ಹಸಿರು, ಇನ್ನೊಂದು ಕಡೆ ಕೆಂಪು, ಎರಡು ಬಣ್ಣದ ರೇಷ್ಮೆ ಸೇರಿಸಿ ನೇಯ್ದ ಸೀರೆಯ ಹೊಳಪು. "ಇದು ನೋಡೇ, ಮಾಲು ಅಂದ್ರೆ ಇದು" ಎಂದೆ. ತಂಗಿ ಅದನ್ನು ಬಾಗಿಲಿಗೆ ಒಯ್ದು ಎದುರಿನ ಕಟ್ಟಡದ ಮೇಲಿನ ಬೋರ್ಡು ನೋಡಿ ವಾಪಸು ಇಟ್ಟಳು. "ಬಿಳಿ ಬೋರ್ಡು ಹಸಿರಾಗಿ ಕಾಣುತ್ತೆ. ಬೇಡ."

"ಅಣ್ಣಂಗೆ ಸೀರೆ ಸೆಲೆಕ್ಷನ್ ಬಿಡಮ್ಮ. ಇದು ನೀನೇ ನೋಡು" ಎಂದರು ಸಾಬರು.

ಅವಳು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಮೊದಲು ಅದನ್ನು ಕೈಯುದ್ದಕ್ಕೆ ಬೆಳಕಿಗೆ ಹಿಡಿದು, ಕಣ್ಣಿಡುವ ಕಡೆ ಕಾಣುವ ಎರಡು ಬೆಳಕಿನ ಬೊಟ್ಟುಗಳು ದುಂಡಗಿವೆಯೇ, ಅಂಚು ಕತ್ತರಿಸಿದಂತಿವೆಯೇ ನೋಡಿದಳು. ಮಧ್ಯದ ಗಾಲಿ ತಿರುಗಿಸಿ ಅದು ಜಾರುತ್ತದೆಯೇ, ಅಂಟುತ್ತದೆಯೇ ನೋಡಿದಳು. ಆಮೇಲೆ ತಂತಿ ಮೇಲೆ ಕೂತ ಪಾರಿವಾಳಕ್ಕೆ ಗುರಿಯಿಟ್ಟು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ಎರಡೂ ತೆರೆದು, ಎರಡು ಚಿತ್ರ ಸದ್ದಿಲ್ಲದೆ ಒಂದಾಗುತ್ತವೆಯೇ ನೋಡಿದಳು. ಮೂರನ್ನು ಬೇಡವೆಂದಳು. ಮುದುಕರ ಮುಖದಲ್ಲಿ ತಮಾಷೆ ಹೋಗಿ ಮರ್ಯಾದೆ ಬಂತು. ಒಳಗಿನಿಂದ ನಾಲ್ಕನೆಯದು ತಂದರು. ಪೆಟ್ಟಿಗೆ ಇಲ್ಲ, ಮೇಲಿನ ರಬ್ಬರ್ ಸವೆದಿತ್ತು, ಷೋಕೇಸಿನಲ್ಲಿ ಇಟ್ಟು ಹಳೆಯದಾದ ಮಾಲು. ಎಂಟು, ನಲವತ್ತು.

ತಂಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಪಾರಿವಾಳ ರೆಪ್ಪೆ ಹೊಡೀತು" ಎಂದಳು.

ಅವಳು ತಂದ ದುಡ್ಡಿಗೇ ಅದು ಬಂತು. ಕೊಡುವಾಗ ಸಾಬರು ಹೇಳಿದರು: "ಮಳೇಲಿ ನೆಂದ್ರೆ ಒರೆಸ್ಕೋ, ಧೂಳು ಕೂತ್ರೆ ಊದ್ಕೋ. ಬೀಳಿಸ್ಬೇಡ. ಮೇಲೆ ಏನೂ ಗೊತ್ತಾಗಲ್ಲ. ಒಳಗೆ ಗಾಜು ಕೂದಲೆಳೆ ಅಲುಗಿದ್ರೆ ಸಾಕು, ಎರಡು ಕಣ್ಣು ಎರಡು ದಾರಿ ಹಿಡೀತವೆ."

ಅವಳಿಗೆ ಅವತ್ತು ಮಧ್ಯಾಹ್ನದ ಶಿಫ್ಟು. ಊರಿಗೆ ಮುಂಚೆಯೇ ಬಾಶೆಟ್ಟಿಹಳ್ಳಿ ಬರುತ್ತದೆ, ಅಲ್ಲೇ ಇಳಿಯಬೇಕು. ಬಸ್ಸಿನಲ್ಲಿ ಅಷ್ಟು ಹೊತ್ತೂ ಅದನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಅದಕ್ಕೆಂದು ಮೊದಲೇ ಚೂರು ಬಟ್ಟೆ ಸೇರಿಸಿ ಹಸಿರು ಚೀಲವೊಂದನ್ನು ಹೊಲಿದು ತಂದಿದ್ದಳು. ಇಳಿಯುವಾಗ ಚೀಲವನ್ನು ನನ್ನ ಮಡಿಲಿಗೆ ಇಟ್ಟು, "ಮೇಲೆ ಇಡ್ಬೇಡ, ಕಾಲ ಹತ್ರಾನೂ ಇಡ್ಬೇಡ. ಮನೆಗೆ ಹೋಗಿ ನನ್ನ ಪೆಟ್ಟಿಗೇಲಿ ಇಟ್ಬಿಡು, ಆಯ್ತಾ ಅಣ್ಣ?" ಎಂದಳು.

ನಾನು ಮನೆಗೆ ಹೋಗಲಿಲ್ಲ. ನೇರ ಮಗ್ಗದ ಶೆಡ್ಡಿಗೆ ಹೋದೆ. ತೋರಿಸಬೇಕಿತ್ತು, ಅಷ್ಟೇ. ಟೀ ಹೊತ್ತು, ಜೊತೆಯ ಇಬ್ಬರು ಮಾಳಿಗೆ ಮೇಲಿದ್ದರು.

"ಏನ್ ಗುರು, ಮಿಲಿಟ್ರಿ ಸೇರ್ಕಂಡ್ಯಾ?"

"ಲೇ, ಕೈ ತೊಳ್ಕೊಂಡು ಮುಟ್ರೋ. ಎಂಟು ಪಟ್ಟು ಇದು."

"ಎಂಟೇನಾ? ನಮ್ಮ ಸಾಹುಕಾರ ಒಂದು ತಪ್ಪನ್ನ ಹತ್ತು ಪಟ್ಟು ಮಾಡಿ ನೋಡ್ತಾನೆ ಕಣ್ಲಾ."

ನಕ್ಕೆವು. ದೂರದಲ್ಲಿ ಮಾಕಳಿದುರ್ಗದ ಕೋಟೆಗೋಡೆಯ ಕಲ್ಲು ಕಲ್ಲೂ ಕಾಣುತ್ತಿತ್ತು. ಅದರ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡಿರಲಿಲ್ಲ. ಕುತ್ತಿಗೆಗೆ ಪಟ್ಟಿ ದನಕ್ಕೆ ಎಂದು ನಾನೇ ಜಂಬದ ಮಾತಾಡಿದ್ದೆ. ಒಬ್ಬ ಕೊಡು ಎಂದು ಕೈಚಾಚಿದ, ಇನ್ನೊಂದು ಸಲ ನೋಡಿಬಿಡುತ್ತೇನೆ ಎಂದು ನಾನು ಎಳೆದುಕೊಂಡೆ. ಅದು ಜಾರಿತು. ಸಿಮೆಂಟಿನ ಮೆಟ್ಟಿಲ ಮೇಲೆ ಒಂದು, ಎರಡು, ಮೂರು ಮೆಟ್ಟಿಲು ಇಳಿದು ನಿಂತಿತು.

ಗಾಜು ಒಡೆದಿರಲಿಲ್ಲ. ನಾವು ಮಗ್ಗದವರು ಬಟ್ಟೆಯ ಎಳೆ ಎಣಿಸಲು ಒಂದು ಪುಟ್ಟ ಮಸೂರ ಇಟ್ಟುಕೊಳ್ಳುತ್ತೇವೆ, ಅದರಲ್ಲಿ ನೋಡುವುದು ಒಂದೇ ಕಣ್ಣಿನಲ್ಲಿ. ಅದೇ ರೂಢಿಯಲ್ಲಿ ಎಡಗಣ್ಣು ಮುಚ್ಚಿ ನೋಡಿದೆ, ಚೆನ್ನಾಗಿತ್ತು. ಬಲಗಣ್ಣು ಮುಚ್ಚಿ ನೋಡಿದೆ, ಚೆನ್ನಾಗಿತ್ತು. "ಗಟ್ಟಿ ಮಾಲು, ಏನಾಗಿಲ್ಲ ಬಿಡೋ" ಎಂದು ಅವರಿಬ್ಬರೂ ಟೀ ಲೋಟ ಎತ್ತಿಕೊಂಡು ಇಳಿದುಹೋದರು. ಒಬ್ಬನೇ ಆದ ಮೇಲೆ ಎರಡೂ ಕಣ್ಣು ತೆರೆದು ನೋಡಿದೆ. ಬಸ್ ಸ್ಟ್ಯಾಂಡಿನ ಹಿಂದಿನ ಮೊಬೈಲ್ ಟವರಿನ ಪಕ್ಕ ಇನ್ನೊಂದು ಟವರ್ ನಿಂತಿತ್ತು, ಸ್ವಲ್ಪ ಮೇಲೆ, ಮಸುಕಾಗಿ. ಹಣೆಯೊಳಗೆ ಯಾರೋ ದಾರ ಕಟ್ಟಿ ಎಳೆದಂತಾಯಿತು.

ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳಲು ನಾಲ್ಕು ವರ್ಷ ಪ್ರಯತ್ನ ಮಾಡಿದ್ದೇನೆ, ಆಗಿಲ್ಲ. ಟವೆಲಿನಿಂದ ಸಿಮೆಂಟಿನ ಧೂಳು ಒರೆಸಿದೆ. ಸವೆದ ರಬ್ಬರಿನ ಮೇಲೆ ಹೊಸ ಗೀರು ಎದ್ದು ಕಾಣಲಿಲ್ಲ. ಹಸಿರು ಚೀಲಕ್ಕೆ ಹಾಕಿ, ದಾರ ಬಿಗಿದು, ಅವಳ ಪೆಟ್ಟಿಗೆಯಲ್ಲಿ ಅವಳ ಸೀರೆಗಳ ಮಧ್ಯೆ ಇಟ್ಟೆ. ಅವಳೇ ಬಿಚ್ಚಿ ಕಂಡುಹಿಡಿದರೆ ಆಗ ನೋಡಿಕೊಳ್ಳೋಣ.

ಭಾನುವಾರ ನನ್ನನ್ನೂ ಕೆರೆಗೆ ಕರೆದುಕೊಂಡು ಹೋದಳು. ಹೆಬ್ಬಾತುಗಳು ಬಂದಿದ್ದವು. ಆಚೆ ದಡದ ಹುಲ್ಲಿನಲ್ಲಿ ಬೂದಿಬಣ್ಣದ ಸಾಲು. ಮೇಷ್ಟ್ರು ಇನ್ನೂ ಬಂದಿರಲಿಲ್ಲ. ಅವಳು ಏರಿ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಊರಿ, ದುರ್ಬೀನು ಎತ್ತಿದಳು. ಇಳಿಸಿದಳು. ಕಣ್ಣುಜ್ಜಿ ಮತ್ತೆ ಎತ್ತಿದಳು.

"ಅಣ್ಣ, ಎರಡೆರಡು ಕಾಣ್ತಿದೆ."

"ಗಾಲಿ ತಿರುಗ್ಸು."

"ತಿರುಗ್ಸಿದೆ. ಒಂದು ಹಕ್ಕಿ ಮೇಲೆ ಇನ್ನೊಂದು ಹಕ್ಕಿ ಕೂತಂಗಿದೆ. ತಲೆ ಸಿಡೀತಿದೆ." ನನ್ನ ಕಡೆ ತಿರುಗಿದಳು. "ಬಿತ್ತಾ ಅಣ್ಣ ಇದು?"

ಅವಳ ದನಿಯಲ್ಲಿ ಅನುಮಾನ ಇರಲಿಲ್ಲ. ಇದ್ದದ್ದು ಆಸೆ. ಬಿತ್ತು ಎಂದು ನಾನು ಹೇಳಲಿ ಎಂದು ಅವಳು ಬೇಡುತ್ತಿದ್ದಳು. ಅದು ಆಗ ನನಗೆ ತಿಳಿಯಲಿಲ್ಲ, ಅಥವಾ ತಿಳಿಯಲು ನಾನು ಬಿಡಲಿಲ್ಲ.

"ಬೀಳೋದು ಎಲ್ಲಿಂದ ಬಂತು? ಮಡಿಲಲ್ಲೇ ಇಟ್ಕೊಂಡು ಬಂದಿದ್ದೀನಿ."

"ಅಂಗಡೀಲಿ ಚೆನ್ನಾಗಿತ್ತಲ್ಲ."

"ಅಂಗಡೀಲಿ ನೋಡಿದ್ದು ಎರಡು ನಿಮಿಷ. ಈಗ ಹೊತ್ತು ನೋಡ್ತಿದ್ದೀಯ, ಕಣ್ಣು ಸೋಲುತ್ತೆ." ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ಇನ್ನೂ ನನ್ನನ್ನೇ ನೋಡುತ್ತಿದ್ದಳು. ಆ ನೋಟ ತಪ್ಪಿಸಲು ಕೈಗೆ ಸಿಕ್ಕಿದ ಮಾತು ಎಸೆದೆ. "ಅಪ್ಪಂಗೂ ಮೊದ್ಲು ಹಿಂಗೇ ಅಲ್ವಾ ಶುರುವಾಗಿದ್ದು."

ಅಪ್ಪನಿಗೆ ಹಾಗೆ ಶುರುವಾಗಿರಲಿಲ್ಲ. ಅಪ್ಪನಿಗೆ ಒಂದು ದಿನವೂ ಎರಡೆರಡು ಕಂಡಿರಲಿಲ್ಲ. ಆದರೆ ಅಪ್ಪನಿಗೆ ಶುರುವಾದಾಗ ತಂಗಿಗೆ ಐದು ವರ್ಷ, ಪಕ್ಕದಲ್ಲಿದ್ದವನು ನಾನು. ನನ್ನ ಮಾತನ್ನು ಅಳೆಯಲು ಅವಳ ಬಳಿ ಬೇರೆ ಅಳತೆ ಇರಲಿಲ್ಲ.

ದುರ್ಬೀನನ್ನು ಚೀಲಕ್ಕೆ ಹಾಕಿದಳು. ಮೇಷ್ಟ್ರು ಬರುವುದು ದೂರದಲ್ಲಿ ಕಾಣುತ್ತಿತ್ತು. ಅವರು ಬರುವ ಮೊದಲೇ ಎದ್ದು, "ಹೋಗೋಣ" ಎಂದಳು. "ಮೇಷ್ಟ್ರಿಗೆ ಒಂದ್ಸಲ ತೋರ್ಸು" ಎಂದು ಬಾಯಿಮಾತಿಗೆ ಅಂದೆ. ಅಂದದ್ದು, ಅವಳು ತೋರಿಸುವುದಿಲ್ಲ ಎಂದು ಗೊತ್ತಿದ್ದೇ.

"ಅವ್ರು ನೋಡಿ ಸರಿಯಾಗೇ ಇದೆ ಅಂದ್ಬಿಟ್ರೆ ನಾನೇನ್ ಮಾಡ್ಲಿ ಅಣ್ಣ?"

ಆಮೇಲೆ ಅವಳು ಕೆರೆಗೆ ಹೋಗಲಿಲ್ಲ. ತನ್ನ ಕಣ್ಣು ಸರಿಯಿಲ್ಲ ಎಂದಷ್ಟೇ ಅಮ್ಮನಿಗೆ ಹೇಳಿದಳು, ಎರಡೆರಡು ಕಂಡದ್ದನ್ನು ಹೇಳಲಿಲ್ಲ. ಸಂಜೆ ಮತ್ತೆ ಕಿಟಕಿ ಸರಳು ಎಣಿಸುವುದಕ್ಕೆ ನಿಂತಳು. ಏಳೂ ಕಾಣುತ್ತಿದ್ದವು, ಆದರೂ ಎಣಿಸುವುದನ್ನು ನಿಲ್ಲಿಸುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಅವಳನ್ನು ಚೆಕ್ಕಿಂಗಿಗೆ ತೆಗೆದುಕೊಳ್ಳುತ್ತೇವೆ ಎಂದರು. ಹೊಲಿದ ಬಟ್ಟೆಯಲ್ಲಿ ತಪ್ಪು ಹುಡುಕುವ ಕೆಲಸ, ಸಂಬಳವೂ ಹೆಚ್ಚು, ಅದಕ್ಕೆ ಮೊದಲು ಕಣ್ಣಿನ ಪರೀಕ್ಷೆ. ಪರೀಕ್ಷೆಯ ದಿನ ಹೊಟ್ಟೆನೋವು ಎಂದು ಮನೆಯಲ್ಲಿ ಉಳಿದಳು. ಡಾಕ್ಟರ ಬಳಿ ಹೋಗೋಣ ಎಂದು ಅಮ್ಮ ಎಷ್ಟು ಸಲ ಕರೆದರೂ, "ಅಪ್ಪನ್ನ ಎಷ್ಟು ಡಾಕ್ಟ್ರಿಗೆ ತೋರಿಸ್ದೆ? ಏನಾಯ್ತು?" ಎನ್ನುತ್ತಿದ್ದಳು. ನಾನೂ ಅವಳ ಪರವಾಗಿ ತಲೆಯಾಡಿಸುತ್ತಿದ್ದೆ. ಡಾಕ್ಟರು ನೋಡಿದರೆ ಮಡಿಕೆ ಬಿಚ್ಚುತ್ತದೆ.

ಅಮ್ಮ ಊರಮ್ಮನಿಗೆ ಬೆಳ್ಳಿ ಕಣ್ಣು ಹರಕೆ ಹೊತ್ತಳು. ಬೆರಳುಗುರಿನಷ್ಟು ದೊಡ್ಡ ಎರಡು ಕಣ್ಣು, ತಗಡಿನ ಮೇಲೆ ರೆಪ್ಪೆ ಗುಡ್ಡೆ ಎಲ್ಲ ಕೊರೆದದ್ದು. ಅಕ್ಕಸಾಲಿಗರ ಅಂಗಡಿಗೆ ಹೋಗಿ ತಂದವನು ನಾನು. "ಎರಡೂ ಒಂದೇ ಸಮ ಇದೆಯಾ ನೋಡ್ಕೊಳ್ಳಿ" ಎಂದ ಅಂಗಡಿಯವನು. ನೋಡಿಕೊಂಡೆ. ಒಂದೇ ಸಮ ಇದ್ದವು. ದೇವಸ್ಥಾನದಲ್ಲಿ ತಂಗಿ ಅವನ್ನು ತಟ್ಟೆಯಲ್ಲಿಟ್ಟು ಕೈಮುಗಿದಳು, ಪಕ್ಕದಲ್ಲಿ ನಾನೂ ಮುಗಿದೆ. ಪೂಜಾರಿ ನನ್ನ ಹಣೆಗೂ ಕುಂಕುಮ ಇಟ್ಟ. ಆ ದಿನದಷ್ಟು ಅಸಹ್ಯ ನನ್ನ ಮೇಲೆ ನನಗೆ ಎಂದೂ ಆಗಿಲ್ಲ. ಆದರೂ ಪ್ರಸಾದ ತಿಂದು ಬಂದೆ.

ಎರಡನೆಯ ವರ್ಷ ಹೊಸಕೋಟೆ ಕಡೆಯ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಅವನ ತಾಯಿಗೆ ತಂಗಿ ಹಿಡಿಸಿದಳು. ಕಾಫಿ ಕುಡಿದಾದ ಮೇಲೆ ತಂಗಿ ಲೋಟ ಎತ್ತಿಕೊಳ್ಳುತ್ತ, "ನಮ್ಮಪ್ಪಂಗೆ ಕಣ್ಣು ಹೋಗಿತ್ತು. ನನಗೂ ಶುರುವಾಗಿದೆ. ಗೊತ್ತಿರ್ಲಿ" ಎಂದಳು. ಅವರು ಆಮೇಲೆ ಫೋನು ಮಾಡಲಿಲ್ಲ.

"ಯಾರು ಕೇಳಿದ್ರು ನಿನ್ನ? ಸುಮ್ನೆ ಇರಕ್ಕಾಗ್ತಿರ್ಲಿಲ್ವಾ?" ಎಂದು ನಾನೇ ಕೂಗಾಡಿದೆ.

"ಗೊತ್ತಿದ್ದೂ ಹೇಳ್ದೆ ಇದ್ರೆ ಮೋಸ ಅಲ್ವಾ ಅಣ್ಣ" ಎಂದಳು. ಚುಚ್ಚಿ ಹೇಳಿದ್ದಲ್ಲ. ಅವಳಿಗೆ ಏನೂ ಗೊತ್ತಿರಲಿಲ್ಲ. ಅಂದೂ ಹೇಳಲಿಲ್ಲ. ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತ ಹೋಗುತ್ತದೆ. ಮೊದಲ ದಿನ ಮುಚ್ಚಿಟ್ಟದ್ದು ಒಂದು ವಸ್ತು ಬಿದ್ದದ್ದನ್ನು. ಎರಡು ವರ್ಷದ ಮೇಲೆ ಮುಚ್ಚಿಡಬೇಕಾದದ್ದು ಒಂದು ಮದುವೆ ಮುರಿದದ್ದನ್ನು.

ಈ ವರ್ಷ ಕಾರ್ಖಾನೆಯವರು ಎಲ್ಲರಿಗೂ ಕಣ್ಣಿನ ಪರೀಕ್ಷೆ ಮಾಡಿಸಿದರು. ಡಾಕ್ಟರು ಒಳಗೇ ಬಂದು ಸಾಲಾಗಿ ನಿಲ್ಲಿಸಿದ್ದರಿಂದ ತಪ್ಪಿಸಿಕೊಳ್ಳಲು ಆಗಲಿಲ್ಲ. ಮೊದಲು ಅಕ್ಷರ ಓದಿಸಿದರು. ಅಪ್ಪನ ವಿಷಯ ಇವಳೇ ಹೇಳಿದ್ದಕ್ಕೆ, ಔಷಧಿ ಹನಿಸಿ ಕಣ್ಣಿನ ಒಳಗೂ ಬೆಳಕು ಬಿಟ್ಟು ನೋಡಿದರು. ಮನೆಗೆ ಬಂದವಳು ಚಪ್ಪಲಿ ಬಿಡದೆ ಒಳಗೆ ಬಂದಳು. ಕೈಯಲ್ಲಿ ಚೀಟಿ.

"ಅಮ್ಮ, ಏನೂ ಇಲ್ಲ. ಎರಡೂ ಕಣ್ಣೂ ಚೆನ್ನಾಗಿದೆಯಂತೆ. ಅಪ್ಪನ ಕಾಯಿಲೆ ಗುರುತೇ ಇಲ್ವಂತೆ."

ಅಮ್ಮ ದೇವರ ಗೂಡಿನ ಕಡೆ ತಿರುಗಿ ಅತ್ತಳು. "ಬೆಳ್ಳಿ ಕಣ್ಣು ತಗೊಂಡು ನನ್ನ ಮಗಳ ಕಣ್ಣು ಕೊಟ್ಟಳು ತಾಯಿ."

ತಂಗಿಯೂ ಹಾಗೇ ನಂಬಿದಳು. ನಾಲ್ಕು ವರ್ಷದ ಹಿಂದೆ ಇದ್ದದ್ದು ಈಗ ಹೋಗಿದೆ, ತಾಯಿ ತೆಗೆದಳು. ನಾನು ಬಚಾವಾಗಿದ್ದೆ. ಯಾರೂ ಬಿಚ್ಚಿ ನೋಡಲಿಲ್ಲ, ಮಾಲು ಬೀರು ಸೇರಿತ್ತು. ಒಂದು ಗಂಟೆಯಷ್ಟು ಹೊತ್ತು ನನಗೆ ಹಗುರವೂ ಆಯಿತು ಎಂದು ಇಲ್ಲಿ ಬರೆಯದಿದ್ದರೆ ಇದೆಲ್ಲ ಬರೆದೂ ಪ್ರಯೋಜನವಿಲ್ಲ.

ಆಗ ಅವಳು ಪೆಟ್ಟಿಗೆ ತೆಗೆದು ಹಸಿರು ಚೀಲ ಹೊರಗೆಳೆದಳು. "ಅಣ್ಣ, ಭಾನುವಾರ ಕೆರೆಗೆ ಹೋಗೋಣ. ಹೆಬ್ಬಾತು ಬಂದಿರ್ತವೆ."

ಮೂರು ದಿನ ಇತ್ತು ಭಾನುವಾರಕ್ಕೆ. ಅವಳು ಅದನ್ನು ಕಣ್ಣಿಗಿಟ್ಟರೆ ಮತ್ತೆ ಎರಡೆರಡು ಕಾಣುತ್ತದೆ. ಡಾಕ್ಟರ ಚೀಟಿ ಸುಳ್ಳಾಗುತ್ತದೆ, ತಾಯಿ ಕೊಟ್ಟದ್ದನ್ನು ತಾಯಿಯೇ ಕಿತ್ತುಕೊಂಡಂತಾಗುತ್ತದೆ. ಮೂರು ದಿನವೂ ಬಾಯಿ ತೆರೆದೆ, ಮೂರು ದಿನವೂ ಬೇರೆ ಮಾತು ಬಂತು. ಕದ್ದು ಎಲ್ಲಾದರೂ ಎಸೆದುಬಿಡೋಣ, ಕಳೆದುಹೋಯಿತು ಅನ್ನೋಣ ಎಂದೂ ಯೋಚಿಸಿದೆ. ಅಂಥವನು ನಾನು.

ಭಾನುವಾರ ಬೆಳಿಗ್ಗೆ ಏರಿಯ ಮೇಲೆ ಅದೇ ಜಾಗದಲ್ಲಿ ಕೂತೆವು. ಮೇಷ್ಟ್ರು ಈಗ ಬರುವುದಿಲ್ಲ, ಮಂಡಿನೋವಂತೆ. ಆಚೆ ದಡದಲ್ಲಿ ಬೂದಿಬಣ್ಣದ ಸಾಲು ಇತ್ತು. ಮಾಕಳಿದುರ್ಗದ ಕೆಳಗೆ ರೈಲೊಂದು ಹೋಗಿ, ಹಕ್ಕಿಗಳು ಎದ್ದು, ಸುತ್ತಿ, ಮತ್ತೆ ಅಲ್ಲೇ ಇಳಿದವು. ತಂಗಿ ಚೀಲದ ದಾರ ಬಿಚ್ಚಿದಳು. ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡಳು. ಎತ್ತುವ ಮೊದಲು ಕಣ್ಣು ಮುಚ್ಚಿ ಊರಮ್ಮನಿಗೆ ಏನೋ ಹೇಳಿಕೊಂಡಳು.

ನಾನು ಅವಳ ಕೈ ಹಿಡಿದೆ.

"ನೋಡ್ಬೇಡ. ಅದು ಸರಿ ಇಲ್ಲ."

"ಯಾವ್ದು?"

"ದುರ್ಬೀನು. ಅದು ಬಿದ್ದಿತ್ತು."

"ಯಾವಾಗ?"

"ಅವತ್ತೇ. ತಂದ ದಿನಾನೇ. ಮಗ್ಗದ ಮಾಳಿಗೆ ಮೇಲೆ. ನನ್ನ ಕೈಯಿಂದ."

ಅವಳು ನನ್ನ ಕೈ ಬಿಡಿಸಿಕೊಂಡಳು. ದುರ್ಬೀನು ಎತ್ತಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಇನ್ನೊಂದು ಮುಚ್ಚಿ ನೋಡಿದಳು. ಎರಡೂ ತೆರೆದು ನೋಡಿದಳು. ಅಂಗಡಿಯಲ್ಲಿ ನೋಡಿದ ಹಾಗೆ, ಅಷ್ಟೇ ನಿಧಾನವಾಗಿ. ಆಮೇಲೆ ಇಳಿಸಿ ಮಡಿಲಲ್ಲಿಟ್ಟುಕೊಂಡಳು. ಹೊಸಕೋಟೆಯ ಹುಡುಗನ ಬಗ್ಗೆ ಕೇಳುತ್ತಾಳೆ ಅಂದುಕೊಂಡೆ. ಚೆಕ್ಕಿಂಗ್ ಕೆಲಸದ ಬಗ್ಗೆ ಕೇಳುತ್ತಾಳೆ ಅಂದುಕೊಂಡೆ.

"ಬಿದ್ದಿದ್ದು ಬೀಳ್ಲಿ" ಎಂದಳು. "ಅಪ್ಪನ್ನ ಯಾಕೆ ಎಳ್ಕೊಂಡ್ ಬಂದೆ?"

ನನ್ನಲ್ಲಿ ಇದ್ದದ್ದು ನಾಲ್ಕು ವರ್ಷ ತಡವಾದ ಮಾತು, ಅದನ್ನೇ ಹೇಳಿದೆ. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಬಂತು.

"ತಪ್ಪಾಯ್ತು ಕಣಮ್ಮ. ಅಪ್ಪಂಗೆ ಯಾವತ್ತೂ ಎರಡೆರಡು ಕಾಣ್ತಿರ್ಲಿಲ್ಲ. ನಾನು ಸುಳ್ಳು ಹೇಳ್ದೆ. ನಿನ್ನ ಕಣ್ಣು ಅವತ್ತೂ ಚೆನ್ನಾಗಿತ್ತು, ಇವತ್ತೂ ಚೆನ್ನಾಗಿದೆ. ನನ್ನದು ತಪ್ಪಾಯ್ತು."